ಅಳತೆಯ ದಿನ ಯಾರೂ ತಿನ್ನುವುದಿಲ್ಲ

ತಾರೀಖು ೭, ಭಾನುವಾರ ಸಂಜೆ

ಪ್ರೀತಿಯ ಮಗಳಿಗೆ,

ಅಮ್ಮನ ಮುದ್ದು. ಈಗ ಬೇಡ ಅನಿಸಿದರೆ ಕಾಗದದ ಮಡಿಕೆಯಲ್ಲೇ ಇರಲಿ, ಬೇಕೆನಿಸಿದಾಗ ತೆಗೆದುಕೋ.

ನಾನು ಕಾಗದ ಬರೆದು ಯಾವ ಕಾಲವಾಯಿತೋ. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಭ್ಯಾಸವಾದ ಕೈ, ಪೆನ್ನು ಹಿಡಿದರೆ ಸಾಲು ತಾನೇ ತಾನಾಗಿ ಸೊಂಟದ ಹಾಗೆ ಒಳಗೆ ಬಾಗುತ್ತದೆ. ನಗಬೇಡ. ಇದು ನಿನ್ನನ್ನು ತನ್ನ ಮನೆಯಲ್ಲಿ ಇಟ್ಟುಕೊಂಡಿರುವ ಚಿಕ್ಕಮ್ಮನ ಉಪಾಯ. ನಿನ್ನೆ ಫೋನ್ ಮಾಡಿ ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. ತಾಯಿ ಮಗಳು ಫೋನಿನಲ್ಲಿ ಮಾತಾಡುತ್ತ ಊಟದ ವಿಷಯಕ್ಕೆ ಬಂದರೆ ಜಗಳವಾಗುತ್ತದೆ, ಜಗಳವಾದ ದಿನ ಅವಳು ರಾತ್ರಿ ತಟ್ಟೆ ಮುಟ್ಟುವುದಿಲ್ಲ, ಹೇಳುವುದಿದ್ದರೆ ಬರೆದು ಕಳಿಸು, ನಮ್ಮ ಲಾಂಡ್ರಿ ವ್ಯಾನು ದಿನಾ ನಿನ್ನ ಅಂಗಡಿಯ ಮುಂದೆಯೇ ಹಾದುಹೋಗುತ್ತದೆ, ಡ್ರೈವರ್ ಕೈಗೆ ಕೊಡು ಅಂದಳು. ಚಿಕ್ಕವಳಿದ್ದಾಗ ಇವಳ ಮೂಗು ಒರೆಸಿದವಳು ನಾನು. ಈಗ ನನಗೇ ಬುದ್ಧಿ ಹೇಳುವಷ್ಟು ದೊಡ್ಡವಳಾಗಿದ್ದಾಳೆ.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ನಿನ್ನ ಅಪ್ಪ ಊರಿನವರ ನಲ್ಲಿಗಳನ್ನೆಲ್ಲ ರಿಪೇರಿ ಮಾಡಿ ಮನೆಗೆ ಬಂದು, ನಮ್ಮ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದನ್ನು ಕೇಳುತ್ತ ಕೂರುತ್ತಾರೆ. ಊಟಕ್ಕೆ ನಿನ್ನ ತಟ್ಟೆಯನ್ನೂ ಇಡುತ್ತಾರೆ, ಆಮೇಲೆ ನಾನು ನೋಡಲಿಲ್ಲ ಅಂದುಕೊಂಡು ಮೆಲ್ಲಗೆ ಎತ್ತಿಡುತ್ತಾರೆ. ನಿನ್ನ ಅತ್ತೆ ದಿನಾ ಅಂಗಡಿಗೆ ಬಂದು ಕಾಜಾ ಹಾಕುತ್ತಾರೆ, ಗುಂಡಿ ಹೊಲಿಯುತ್ತಾರೆ. ನಿನ್ನ ಮಾತು ಬಂದರೆ ಮಾತ್ರ ದಾರ ಕಚ್ಚಿ ಸುಮ್ಮನಾಗುತ್ತಾರೆ. ಅಪ್ಪನ ಅಕ್ಕ ಅಲ್ಲವೇ, ತಮ್ಮನ ಹಾಗೇ ಅವರೂ ತುಟಿ ಬಿಚ್ಚುವ ಜಾತಿಯಲ್ಲ.

ಗಲ್ಲದ ಹೊಲಿಗೆ ಬಿಚ್ಚಿದರಂತೆ. ಕಲೆ ಉಳಿಯುತ್ತದೆಯೇ? ನೀನು ಶಾಲೆಯ ಮೆಟ್ಟಿಲ ಮೇಲಿಂದ ಬಿದ್ದೆ ಅಂತ ಸುದ್ದಿ ಬಂದಾಗ ನಾನು ಯಾರದೋ ಪ್ಯಾಂಟಿನ ಜೇಬು ಹೊಲಿಯುತ್ತಿದ್ದೆ. ಹೊಲಿಗೆ ಯಂತ್ರವನ್ನು ಅರ್ಧಕ್ಕೇ ಬಿಟ್ಟು ಓಡಿದೆ. ಯಾರೋ ತಳ್ಳಿರಬೇಕು ಅಂದುಕೊಂಡೆ. ತಳ್ಳಿದ್ದರೆ ಸಿಟ್ಟು ಮಾಡಲು ಒಬ್ಬರಾದರೂ ಸಿಗುತ್ತಿದ್ದರು. ಡಾಕ್ಟರು ನಿನ್ನ ಕಣ್ಣಿನ ಕೆಳಗೆ ಎಳೆದು ನೋಡಿ, ಉಗುರು ಒತ್ತಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಈ ಹುಡುಗಿ ಎಷ್ಟೋ ತಿಂಗಳಿಂದ ಸರಿಯಾಗಿ ಊಟವೇ ಮಾಡಿಲ್ಲ ಅಂದರು. ನನ್ನ ಮುಖ ನೋಡಿಯೇ ಅಂದರು. ಕೂಳು ಹಾಕದ ತಾಯಿ ಅನ್ನುವ ಹಾಗಿತ್ತು ಆ ನೋಟ. ದಿನಾ ಬೆಳಿಗ್ಗೆ ಎದ್ದು ಡಬ್ಬಿ ತುಂಬಿ ಕೊಟ್ಟವಳು ನಾನು. ಸಂಜೆ ಡಬ್ಬಿ ಖಾಲಿಯಾಗಿ, ತೊಳೆದು ಬರುತ್ತಿತ್ತು. ತೊಳೆದ ಡಬ್ಬಿ ನೋಡಿ, ನನ್ನ ಮಗಳು ಎಷ್ಟು ಅಚ್ಚುಕಟ್ಟು ಅಂತ ಗಿರಾಕಿಗಳ ಮುಂದೆ ಹೇಳಿಕೊಂಡಿದ್ದೇನೆ. ಆ ಊಟ ಎಲ್ಲಿಗೆ ಹೋಯಿತು ಅಂತ ನೀನು ಇವತ್ತಿಗೂ ಹೇಳಿಲ್ಲ.

ಇದಕ್ಕೆಲ್ಲ ಆ ಫೋನೇ ಕಾರಣ ಅನ್ನುವುದು ನನಗೆ ಗೊತ್ತು. ಕಡ್ಡಿಯಂಥ ಹುಡುಗಿಯರು ಕನ್ನಡಿಯ ಮುಂದೆ ತಿರುಗುವುದನ್ನು ಇಡೀ ದಿನ ನೋಡಿದರೆ ಯಾರಿಗೆ ತಾನೇ ಹಸಿವಾಗುತ್ತದೆ? ಅದಲ್ಲದಿದ್ದರೆ ನಿನ್ನ ಆ ಗೆಳತಿ, ಹಿಂದಿನ ಬೀದಿಯ ಕಂಡಕ್ಟರ್ ಮಗಳು. ಅವಳ ಕೈಯಲ್ಲಿ ಯಾವಾಗಲೂ ಒಂದು ಚಿಪ್ಸ್ ಪ್ಯಾಕೆಟ್ಟು. ಅಂಥವರ ಸಹವಾಸದಲ್ಲಿ ಮನೆಯ ಊಟ ರುಚಿಸುವುದುಂಟೇ? ಡಾಕ್ಟರು ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೇನೆ. ನಿನ್ನ ವಯಸ್ಸಿನಲ್ಲಿ ಮೂಳೆಗೆ, ರಕ್ತಕ್ಕೆ, ಮಿದುಳಿಗೆ ಎಲ್ಲಕ್ಕೂ ಒಟ್ಟಿಗೇ ಹಸಿವಂತೆ. ಬೆಳಗಿನ ತಿಂಡಿ ಬಿಡಲೇಬಾರದಂತೆ. ಸೊಪ್ಪು, ಕಾಳು, ಮೊಟ್ಟೆ, ಹಾಲು, ಹಣ್ಣು. ನೀನು ಹೂಂ ಅಂದರೆ ದಿನಕ್ಕೊಂದು ತರಹ ಮಾಡಿ ಅದೇ ವ್ಯಾನಿನಲ್ಲಿ ಕಳಿಸುತ್ತೇನೆ.

ಗುರುವಾರ ಶಾಲೆಯಲ್ಲಿ ಮುಂದಿನ ವರ್ಷದ ಯೂನಿಫಾರಂಗೆ ಅಳತೆ. ಈ ಸಲ ನೀನಿಲ್ಲದ ತರಗತಿಗೆ ಟೇಪು ಹಿಡಿದು ಹೋಗಬೇಕು. ಹೋಗದಿದ್ದರೆ ಆಗುವುದಿಲ್ಲ. ಮಕ್ಕಳು ನನ್ನ ದಾರಿ ನೋಡುತ್ತಿರುತ್ತಾರೆ. ನಾನು ಹೋದರೆ ಅವರಿಗೆ ನಗುವೋ ನಗು, ನಿನಗೆ ಗೊತ್ತಲ್ಲ.

ಬೇಗ ಬಾ. ತಿಂದು ಬಾ.

ನಿನ್ನ
ಅಮ್ಮ

ಮರೆತಿದ್ದೆ: ನಿನ್ನ ಯೂನಿಫಾರಂ ಸ್ಕರ್ಟು ಇಲ್ಲೇ ಇದೆ. ರಕ್ತದ ಕಲೆ ಹೋಗುವ ಹಾಗೆ ಒಗೆದು ಇಸ್ತ್ರಿ ಮಾಡಿಟ್ಟಿದ್ದೇನೆ. ಈ ವರ್ಷ ಅದರ ಸೊಂಟವನ್ನು ಮೂರು ಸಲ ಹಿಡಿದು ಚಿಕ್ಕದು ಮಾಡಿದ್ದೆ. ಈಗ ಬಿಚ್ಚಬೇಕೋ ಬೇಡವೋ ತಿಳಿಯದೆ ಹಾಗೇ ಮಡಚಿಟ್ಟೆ.

*

ತಾರೀಖು ೯, ಮಂಗಳವಾರ

ಅಮ್ಮನಿಗೆ,

ನಿನ್ನ ಕಾಗದ ಯಾವುದೋ ಹೋಟೆಲಿನ ಕೊಳೆ ಬೆಡ್‌ಶೀಟುಗಳ ಗಂಟಿನೊಳಗೆ ಸೇರಿಕೊಂಡು, ಇನ್ನೇನು ಸೋಪಿನ ನೀರಿಗೆ ಬೀಳುವುದರಲ್ಲಿತ್ತು. ಚಿಕ್ಕಮ್ಮ ಹಿಡಿದರು. ಡ್ರೈವರ್ ಅಣ್ಣನಿಗೆ ಇನ್ನು ಮೇಲೆ ಜೇಬಿನಲ್ಲಿ ಇಟ್ಟುಕೊಂಡು ಬಾ ಅಂತ ಹೇಳಿದ್ದಾರೆ. ಸಾಲುಗಳು ಬಾಗಿರುವುದು ನಿಜ. ನಗಲಿಲ್ಲ.

ಗಲ್ಲದ ಮೇಲೆ ಕಲೆ ಉಳಿಯುತ್ತದಂತೆ. ಬಟ್ಟೆಯ ಮೇಲಿನ ಕಲೆಗಾದರೆ ತನ್ನ ಹತ್ತಿರ ಔಷಧಿ ಇದೆ, ಇದಕ್ಕೆ ಇಲ್ಲ ಅಂತ ಚಿಕ್ಕಮ್ಮ ಕೈ ಎತ್ತಿಬಿಟ್ಟರು.

ನಾನು ಇಲ್ಲಿ ಬೆಡ್‌ಶೀಟು ಮಡಚುತ್ತೇನೆ. ಒಂದು ತುದಿ ಚಿಕ್ಕಮ್ಮ ಹಿಡಿಯುತ್ತಾರೆ, ಇನ್ನೊಂದು ತುದಿ ನಾನು. ಎಲ್ಲ ಒಂದೇ ಅಳತೆ. ಯಾರು ಮಲಗಿದರೂ ಆಗುತ್ತದೆ. ನನಗೆ ಈ ಕೆಲಸ ತುಂಬ ಇಷ್ಟವಾಗಿದೆ.

ಊಟದ ಬಗ್ಗೆ ಬರೆಯದಿದ್ದರೆ ನೀನು ಬಿಡುವುದಿಲ್ಲ, ಅದಕ್ಕೆ ಬರೆಯುತ್ತೇನೆ. ಚಿಕ್ಕಮ್ಮ ಮೇಜಿನ ಮೇಲೆ ಊಟ ಇಟ್ಟು ಒಳಗೆ ಹೋಗಿ ರೇಡಿಯೊ ಹಾಕಿಕೊಳ್ಳುತ್ತಾರೆ. ತಿಂದೆಯಾ ಅಂತ ಕೇಳುವುದಿಲ್ಲ, ತಟ್ಟೆಯನ್ನೂ ನೋಡುವುದಿಲ್ಲ. ಕೆಲವು ದಿನ ಪೂರ್ತಿ ತಿನ್ನುತ್ತೇನೆ. ಕೆಲವು ದಿನ ಅರ್ಧಕ್ಕೇ ತಟ್ಟೆ ಸರಿಸುತ್ತೇನೆ. ಯಾರಾದರೂ ನೋಡುತ್ತಿದ್ದರೆ ಒಂದು ತುತ್ತೂ ಇಳಿಯುವುದಿಲ್ಲ. ನಿನ್ನೆ ಒಂದು ಮೊಟ್ಟೆ ತಿಂದೆ. ಇದು ನಿಜ, ಬೇಕಾದರೆ ಕೇಳು. ವ್ಯಾನಿನಲ್ಲಿ ಏನೂ ಕಳಿಸಬೇಡ.

ಡಬ್ಬಿಯ ಊಟ ಎಲ್ಲಿಗೆ ಹೋಗುತ್ತಿತ್ತು ಅಂತ ಕೇಳಿದ್ದೀಯ. ಹತ್ತನೇ ತರಗತಿಯ ವಾಲಿಬಾಲ್ ಹುಡುಗರಿಗೆ. ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ಅವರು ನಮ್ಮ ತರಗತಿಗೆ ಬಂದು ಹುಡುಗಿಯರ ಬೆಂಚುಗಳ ನಡುವೆ ಸುತ್ತು ಹಾಕುತ್ತಾರೆ. ನಾವು ಯಾರೂ ತಿನ್ನುವುದಿಲ್ಲ ಅಂತ ಅವರಿಗೆ ಗೊತ್ತು. ಅವರಿಗೆ ಭುಜ ಅಗಲವಾಗಬೇಕು, ನಮಗೆ ಆಗಬಾರದು, ಅದಕ್ಕೆ ಇಬ್ಬರಿಗೂ ಅನುಕೂಲ. ನಿನ್ನ ಅಡುಗೆ ಅವರಿಗೆ ತುಂಬ ಇಷ್ಟ. ಯಾವತ್ತೂ ಒಂದು ಅಗುಳು ಬಿಟ್ಟವರಲ್ಲ. ಡಬ್ಬಿ ತೊಳೆಯುತ್ತಿದ್ದವಳು ಮಾತ್ರ ನಾನು.

ನನ್ನ ಗೆಳತಿಯನ್ನು ಬೈಯಬೇಡ. ಅವಳು ಚಿಪ್ಸ್ ತಿನ್ನುವುದು ಆಸೆಗಲ್ಲ, ಬೇಗ ದಪ್ಪವಾಗಲಿ ಅಂತ. ಅವಳಿಗೆ ಮೂಲಂಗಿ ಅಂತ ಹೆಸರಿದೆ. ಮನೆಯ ಊಟ ತಿಂದರೆ ನಿಧಾನವಾಗುತ್ತದೆ, ಎಣ್ಣೆ ತಿಂದರೆ ಬೇಗ ಅಂತ ಯಾರೋ ಹೇಳಿದ್ದಾರೆ. ಈಗ ಅವಳಿಗೆ ಮುಖದ ತುಂಬ ಗುಳ್ಳೆ, ಮೈ ಮಾತ್ರ ಇದ್ದಲ್ಲೇ ಇದೆ. ಸಂಜೆ ಹಸಿವು ತಡೆಯಲಾರದೆ ನಾನೂ ಅವಳ ಪ್ಯಾಕೆಟ್ಟಿಗೆ ಕೈ ಹಾಕುತ್ತಿದ್ದೆ. ಆಮೇಲೆ ಅಳು ಬರುತ್ತಿತ್ತು. ಮಾರನೇ ದಿನ ಬೆಳಿಗ್ಗೆಯೂ ತಿನ್ನುವುದಿಲ್ಲ ಅಂತ ಶಪಥ ಮಾಡುತ್ತಿದ್ದೆ. ನೀನು ಫೋನಿನ ಹುಡುಗಿಯರ ಬಗ್ಗೆ ಬರೆದಿದ್ದೀಯ. ಆ ಹುಡುಗಿಯರಿಗೆ ನಮ್ಮ ಹೆಸರು ಗೊತ್ತಿಲ್ಲ ಅಮ್ಮ.

ಸ್ಕರ್ಟಿನ ಸೊಂಟ ಬಿಚ್ಚುವುದು ಬಿಡುವುದು ನಿನ್ನ ಇಷ್ಟ. ಅದನ್ನು ಚಿಕ್ಕದು ಮಾಡಿ ಕೊಟ್ಟಾಗಲೆಲ್ಲ ನೀನು ತುಂಬ ಖುಷಿಯಾಗಿರುತ್ತಿದ್ದೆ. ಅಪ್ಪನಿಗೆ ನಲ್ಲಿ ಸರಿ ಮಾಡಲು ಹೇಳು. ಅತ್ತೆಗೆ ನಾನು ಕೇಳಿದೆ ಅಂತ ತಿಳಿಸು.

ಇಂತಿ,
ನಿನ್ನ ಮಗಳು

ಗುರುವಾರ ಅಳತೆ ತೆಗೆಯುವಾಗ ತರಕಾರಿ ಹೆಸರು ಕೂಗಬೇಡ. ನನಗೋಸ್ಕರ ಅಲ್ಲ, ನನ್ನದು ಹೇಗೂ ಆಗಿಹೋಯಿತು. ಎಂಟನೇ ತರಗತಿಯವರು ಇನ್ನೂ ಚಿಕ್ಕವರು.

*

ತಾರೀಖು ೧೩, ಶನಿವಾರ

ಮಗಳೇ,

ಈ ಸಲ ಮುದ್ದು ಕಳಿಸುವ ಮುಖ ನನಗಿಲ್ಲ. ಕಾಗದವನ್ನು ಎರಡು ಸಲ ಬರೆದು ಹರಿದೆ. ಎರಡರಲ್ಲೂ ನಾನು ಬಹಳ ಒಳ್ಳೆಯವಳಾಗಿ ಕಾಣುತ್ತಿದ್ದೆ.

ನಿನ್ನ ಕಾಗದ ಬುಧವಾರ ಬೆಳಿಗ್ಗೆ ಬಂತು. ಓದಿ ಮೊದಲು ಬಂದದ್ದು ಸಿಟ್ಟು. ತರಕಾರಿ ಹೆಸರಿಗೂ ಊಟಕ್ಕೂ ಎಲ್ಲಿಯ ಸಂಬಂಧ ಅಂತ ಅತ್ತೆಯ ಮುಂದೆ ಕೂಗಾಡಿದೆ. ಅವು ರಟ್ಟಿನ ಹೆಸರುಗಳು. ಶಾಲೆಯ ಅಷ್ಟು ಮಕ್ಕಳಿಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಕತ್ತರಿಸುತ್ತ ಕೂತರೆ ಶಾಲೆ ಶುರುವಾಗುವ ಹೊತ್ತಿಗೆ ಕೆಲಸ ಮುಗಿಯುವುದಿಲ್ಲ ಅಂತ ನನ್ನ ಹತ್ತಿರ ಮೈಯ ಆಕಾರಕ್ಕೆ ಕತ್ತರಿಸಿಟ್ಟ ನಾಲ್ಕು ರಟ್ಟುಗಳಿವೆ. ಮೇಲಿಂದ ಕೆಳಗೆ ನೇರವಾಗಿರುವವರಿಗೆ ಸೌತೆ, ಕೆಳಗೆ ಅಗಲವಿರುವವರಿಗೆ ಬದನೆ, ತೀರ ಸಣ್ಣಗಿರುವವರಿಗೆ ಮೂಲಂಗಿ, ಸುತ್ತಲೂ ತುಂಬಿಕೊಂಡವರಿಗೆ ಕುಂಬಳ. ರಟ್ಟನ್ನು ಬಟ್ಟೆಯ ಮೇಲಿಟ್ಟು ಗೆರೆ ಎಳೆದರೆ ಆಯಿತು, ಉದ್ದ ಮತ್ತು ಸೊಂಟ ಮಾತ್ರ ನೋಡಿಕೊಂಡರೆ ಸಾಕು. ನನಗೆ ಹೊಲಿಗೆ ಕಲಿಸಿದ ಹೆಂಗಸು ಇಟ್ಟ ಹೆಸರುಗಳು ಅವು. ಅಂಗಡಿಯೊಳಗೇ ಇದ್ದಿದ್ದರೆ ರಟ್ಟಿನ ಹೆಸರುಗಳಾಗಿಯೇ ಉಳಿಯುತ್ತಿದ್ದವು.

ತರಗತಿಗೆ ತಂದವಳು ನಾನು. ಅಲ್ಲಿ ನನ್ನ ಎರಡು ಕೈಯಲ್ಲೂ ಟೇಪು, ಬರೆದುಕೊಳ್ಳುವ ಅತ್ತೆ ಮೂಲೆಯ ಮೇಜಿನಲ್ಲಿ, ನಡುವೆ ಮಕ್ಕಳ ಗದ್ದಲ. ಕೂಗದಿದ್ದರೆ ಅತ್ತೆಗೆ ಕೇಳುವುದಿಲ್ಲ. ಒಂದು ವರ್ಷ ಸೊಂಟ ಇಷ್ಟು, ಉದ್ದ ಇಷ್ಟು, ಬದನೆ ಅಂತ ಕೂಗಿದೆ. ಮಕ್ಕಳು ನಕ್ಕರು. ನಗುವ ಮಕ್ಕಳ ಸಾಲು ಬೇಗ ಸಾಗುತ್ತದೆ. ಮರುವರ್ಷ ಇನ್ನೂ ಜೋರಾಗಿ ಕೂಗಿದೆ. ಆಮೇಲೆ ಅದೇ ಒಂದು ಆಟವಾಯಿತು, ಮಾಸ್ತರರೂ ಬಾಗಿಲಲ್ಲಿ ನಿಂತು ನೋಡಿ ನಗುತ್ತಿದ್ದರು. ಇಷ್ಟು ವರ್ಷದಲ್ಲಿ ಒಬ್ಬರೂ ಬೇಜಾರು ಮಾಡಿಕೊಂಡಿಲ್ಲ, ನನ್ನ ಮಗಳಿಗೆ ಮಾತ್ರ ಇಷ್ಟು ಚುಚ್ಚಿತೇ ಅಂತ ಅತ್ತೆಯನ್ನು ಕೇಳಿದೆ. ಅವರು ದಾರ ಕಚ್ಚಿ ಇನ್ನೊಂದು ಗುಂಡಿ ಎತ್ತಿಕೊಂಡರು.

ಆದರೂ ನೀನು ಕೇಳಿಕೊಂಡಿದ್ದೀಯ ಅಂತ ಗುರುವಾರ ಬಾಯಿಗೆ ಬೀಗ ಹಾಕಿಕೊಂಡು ಹೋದೆ. ಅತ್ತೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಒಂದೊಂದು ಅಳತೆಯನ್ನೂ ಕಿವಿಯಲ್ಲಿ ಹೇಳಿದೆ. ಏನೋ ದೊಡ್ಡ ಉಪಕಾರ ಮಾಡುತ್ತಿರುವವಳ ಹಾಗೆ ಒಳಗೊಳಗೇ ಬೀಗುತ್ತಿದ್ದೆ. ಎಂಟನೇ ತರಗತಿಯ ಕೋಣೆ, ನಿನಗೆ ಗೊತ್ತಲ್ಲ, ಒಂದು ಕಿಟಕಿಗೆ ಗಾಜಿನ ಬದಲು ಹಲಗೆ ಹೊಡೆದಿರುವುದು. ಬೆಂಚುಗಳನ್ನು ಗೋಡೆಗೆ ಸರಿಸಿದ್ದರು. ಹುಡುಗಿಯರ ಸಾಲು ಬೋರ್ಡಿನ ಪಕ್ಕದಿಂದ ಬಾಗಿಲವರೆಗೆ. ಟೇಪು ಸೊಂಟ ಸುತ್ತುವ ಮುಂಚೆಯೇ ಒಬ್ಬೊಬ್ಬಳೂ ಹೊಟ್ಟೆ ಒಳಗೆ ಎಳೆದು ಉಸಿರು ಹಿಡಿಯುತ್ತಿದ್ದಳು. ಮಕ್ಕಳು ಹಾಗೆ ಮಾಡುವುದನ್ನು ಪ್ರತಿ ವರ್ಷ ನೋಡಿದ್ದೇನೆ. ಕಚಗುಳಿಯಾಗುತ್ತದೆ ಅಂದುಕೊಂಡಿದ್ದೆ.

ಔಷಧಿ ಅಂಗಡಿಯವರ ಮಗಳ ಸರದಿ ಬಂತು. ದುಂಡು ಮುಖದ, ಎರಡು ಜಡೆಯ ಹುಡುಗಿ. ತೋಳಿನ ಅಳತೆಗೆ ಕೈ ಹಿಡಿದರೆ ತಣ್ಣಗಿತ್ತು. ನಾನು ಅತ್ತೆಯ ಕಿವಿಯ ಕಡೆ ಬಗ್ಗುವಷ್ಟರಲ್ಲಿ ಅವಳು ನನ್ನ ಸೆರಗಿನ ತುದಿ ಹಿಡಿದು ಎಳೆದಳು.

“ಆಂಟಿ, ನಂಗೆ ಸೌತೇನೇ ಬರೆಸಿ. ಬಟ್ಟೆ ಬರೋಷ್ಟ್ರಲ್ಲಿ ನಾನು ಸೌತೆ ಆಗಿರ್ತೀನಿ.”

ಅವಳು ಅದನ್ನು ಹೋಂವರ್ಕ್ ನಾಳೆ ತಂದುಕೊಡುತ್ತೇನೆ ಅನ್ನುವ ಹಾಗೆ ಹೇಳಿದಳು. ನಾನು ಆ ಹೆಸರನ್ನು ಆ ದಿನ ಬಾಯಲ್ಲಿ ಆಡಿಯೇ ಇರಲಿಲ್ಲ. ಅವಳಿಗೆ ಅದು ನಾನು ಬರುವ ಮೊದಲೇ ಗೊತ್ತಿತ್ತು. ಬೆಳಿಗ್ಗೆ ಏನು ತಿಂದೆ ಮಗು ಅಂತ ಕೇಳಿದೆ. ಅವಳು ನೆಲ ನೋಡಿದಳು. ಹಿಂದೆ ನಿಂತವಳು ಉತ್ತರ ಕೊಟ್ಟಳು.

“ಅಳತೆ ದಿನ ಯಾರಾದ್ರೂ ತಿಂತಾರಾ ಆಂಟಿ?”

ಸಾಲಿಗೆ ಸಾಲೇ ನಕ್ಕಿತು. ಟೀಚರ್ ಕೂಡ ನಕ್ಕು, ಅಳತೆಯ ವಾರ ಇವರ ಡಬ್ಬಿಗಳ ಮುಚ್ಚಳ ತೆಗೆಯುವುದೇ ಇಲ್ಲ, ಪ್ರತಿ ವರ್ಷದ ಕಥೆ ಇದು, ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ ಅಂದರು.

ನನಗೆ ಆಗ ಏನು ನೆನಪಾಯಿತು ಗೊತ್ತೇ? ಪ್ರತಿ ವರ್ಷ ಶಾಲೆ ಶುರುವಾದ ಸ್ವಲ್ಪ ದಿನಕ್ಕೇ ಹೊಸ ಯೂನಿಫಾರಂ ಬಿಗಿಯಾಯಿತು ಅಂತ ಮಕ್ಕಳು ಅಂಗಡಿಯ ಮುಂದೆ ಸಾಲು ನಿಲ್ಲುತ್ತಾರಲ್ಲ. ನಾನು ಬಟ್ಟೆ ಮಿಲ್ಲಿನವರಿಗೆ ಹಿಡಿಶಾಪ ಹಾಕುತ್ತಿದ್ದೆ. ನೀರು ತಾಗಿದರೆ ಕುಗ್ಗುವ ಬಟ್ಟೆ ಕೊಟ್ಟು ನನ್ನ ಹೆಸರು ಕೆಡಿಸುತ್ತಾರೆ ಅಂತ ಸಗಟು ವ್ಯಾಪಾರಿಯ ಹತ್ತಿರ ಜಗಳವಾಡಿ, ಮಾತು ಬಿಟ್ಟು, ಬೇರೆ ಕಡೆಯಿಂದ ತರಿಸಿದೆ. ಅದೂ ಕುಗ್ಗಿತು. ಒಂದು ವರ್ಷ ಬಟ್ಟೆಯ ಥಾನುಗಳನ್ನೆಲ್ಲ ನೆನೆಸಿ ಒಣಗಿಸಿ ಆಮೇಲೆ ಕತ್ತರಿಸಿದೆ, ನಿನ್ನ ಅಪ್ಪ ತಾರಸಿಯ ತುಂಬ ಹಗ್ಗ ಕಟ್ಟಿಕೊಟ್ಟಿದ್ದರು. ಆಗಲೂ ಬಿಗಿಯಾಯಿತು. ಬಟ್ಟೆ ಯಾವತ್ತೂ ಕುಗ್ಗಿರಲಿಲ್ಲ. ನಾನು ಅಳೆದದ್ದೆಲ್ಲ ಹಸಿದ ಮಕ್ಕಳನ್ನು.

ಅಲ್ಲಿ ನಿಲ್ಲಲಾಗಲಿಲ್ಲ. ಟೇಪು ಹಳೆಯದಾಗಿ ಹಿಗ್ಗಿಹೋಗಿದೆ, ಅಳತೆ ತಪ್ಪು ಬರುತ್ತಿದೆ, ಇನ್ನೊಂದು ದಿನ ಬರುತ್ತೇನೆ ಅಂತ ಟೀಚರಿಗೆ ಸುಳ್ಳು ಹೇಳಿ ಹೊರಟುಬಂದೆ. ಹೊಸ ಟೇಪು ಅದು. ದಾರಿಯುದ್ದಕ್ಕೂ ಅತ್ತೆ ಚೀಲ ಹೊತ್ತು ನನ್ನ ಹಿಂದೆಯೇ ಬಂದರು. ಬೈದಿದ್ದರೆ ಹಗುರವಾಗುತ್ತಿತ್ತು. ಸಂಜೆ ನಿನ್ನ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಕೇಳಿ, ಎದ್ದು, ಪಾನಾ ತಂದು ಅಡುಗೆಮನೆಯ ನಲ್ಲಿ ಸರಿ ಮಾಡಲು ಕೂತರು. ಏನು ಹೇಳಬೇಕು ತಿಳಿಯದಿದ್ದರೆ ಅವರು ಏನಾದರೂ ಬಿಚ್ಚುತ್ತಾರೆ, ಗೊತ್ತಲ್ಲ. ಈಗ ಅದು ತೊಟ್ಟಿಕ್ಕುವುದಿಲ್ಲ. ಮನೆ ಇನ್ನಷ್ಟು ನಿಶ್ಶಬ್ದವಾಗಿದೆ.

ನಿನ್ನ ಸ್ಕರ್ಟಿನ ಮಾತು ನೀನು ಮೆಲ್ಲಗೆ ಬರೆದು ಮುಗಿಸಿದ್ದೀಯ. ನಾನು ಪೂರ್ತಿ ಬರೆಯುತ್ತೇನೆ. ಮೊದಲ ಸಲ ಸೊಂಟ ಸಡಿಲವಾಗಿದೆ ಅಂದಾಗ ನಾನು ನಿನ್ನ ಮುಂದೆ ಮಂಡಿಯೂರಿ, ಗುಂಡುಪಿನ್ನು ಬಾಯಲ್ಲಿ ಕಚ್ಚಿಕೊಂಡು, ಬಟ್ಟೆ ಹಿಡಿದೆ. ಎರಡನೇ ಸಲ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಈಗ ನೋಡಿ ನನ್ನ ಮಗಳಿಗೆ ಒಂದು ಆಕಾರ ಬಂತು ಅಂತ ಅವರಿಗೆ ತೋರಿಸಿದೆ. ನೀನು ತಿರುಗು ಅಂದರೆ ತಿರುಗಿದೆ. ಮೂರನೇ ಸಲ ನಿನ್ನ ಸೊಂಟದ ಮೂಳೆ ನನ್ನ ಬೆರಳಿಗೆ ತಾಗಿತು. ತಾಗಿದ್ದು ನನಗೆ ಚೆನ್ನಾಗಿ ನೆನಪಿದೆ. ಓದುವ ಮಕ್ಕಳು ಹೀಗೇ ಇರುತ್ತಾರೆ ಅಂತ ನನಗೆ ನಾನೇ ಹೇಳಿಕೊಂಡು ಹೊಲಿಗೆ ಹಾಕಿದೆ. ನೀನು ಕರಗುವುದನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಇನ್ನೊಬ್ಬರಿಲ್ಲ. ಊರಿನ ಮಕ್ಕಳ ಮೈ ಅಳೆಯುವವಳಿಗೆ ತನ್ನ ಮಗಳ ಹೊಟ್ಟೆ ಖಾಲಿ ಇರುವುದು ಕಾಣಲಿಲ್ಲ ಅಂದರೆ ಯಾರು ನಂಬುತ್ತಾರೆ? ಕಂಡಿತ್ತು. ಚೆನ್ನಾಗಿದೆ ಅನಿಸಿತ್ತು. ನಾಚಿಕೆಯಿಂದ ಸಾಯುವ ಹಾಗಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಹೆಡ್‌ಮಿಸ್ ಹತ್ತಿರ ಹೋದೆ. ಮಧ್ಯಾಹ್ನದ ಊಟ ಮುಗಿದ ಮೇಲೆ ಅಳತೆ ತೆಗೆಯುತ್ತೇನೆ, ಒಬ್ಬೊಬ್ಬರನ್ನೇ ಕರೆಯುತ್ತೇನೆ, ಬಾಗಿಲು ಮುಚ್ಚುವ ಒಂದು ಕೋಣೆ ಕೊಡಿ ಅಂದೆ. ಇಷ್ಟು ವರ್ಷ ಇಲ್ಲದ ಶಾಸ್ತ್ರ ಈಗ ಯಾಕೆ, ಪಾಠ ಹಾಳಾಗುತ್ತದೆ ಅಂದರು. ಯಾಕೆ ಅಂತ ಹೇಳಬೇಕಾಯಿತು. ನಿನ್ನ ಹೆಸರೂ ಹೇಳಬೇಕಾಯಿತು, ಕ್ಷಮಿಸು. ಅವರು ಕನ್ನಡಕ ತೆಗೆದು ಒರೆಸಿ, ಲ್ಯಾಬಿನ ಪಕ್ಕದ ಕೋಣೆಯ ಬೀಗದ ಕೈ ಕೊಟ್ಟರು.

ಅಲ್ಲಿಂದ ನಿನ್ನ ತರಗತಿಗೆ ಹೋದೆ. ಟೇಪು ಇಲ್ಲದೆ ಆ ಬಾಗಿಲಲ್ಲಿ ಯಾವತ್ತೂ ನಿಂತವಳಲ್ಲ, ಕೈ ಎಲ್ಲಿ ಇಡಬೇಕು ತಿಳಿಯಲಿಲ್ಲ. ಆ ಹೆಸರುಗಳು ರಟ್ಟಿನವು, ನಿಮ್ಮವಲ್ಲ, ನಾನು ಕೂಗಿದ್ದು ತಪ್ಪು, ಮೈ ಹೇಗಿದ್ದರೂ ಅದಕ್ಕೆ ಬಟ್ಟೆ ಹೊಲಿಯುವುದು ನನ್ನ ಕೆಲಸ, ಬಟ್ಟೆಗೆ ತಕ್ಕ ಹಾಗೆ ಮೈ ಮಾಡಿಕೊಳ್ಳುವುದು ನಿಮ್ಮ ಕೆಲಸವಲ್ಲ ಅಂದೆ. ಬರುವಾಗ ದಾರಿಯಲ್ಲಿ ಜೋಡಿಸಿಕೊಂಡ ಮಾತು. ಚೆನ್ನಾಗಿಯೇ ಹೇಳಿದೆ ಅನಿಸಿತು. ಆಗ ಕಂಡಕ್ಟರ್ ಮಗಳು, ನಿನ್ನ ಗೆಳತಿ, ಎದ್ದು ನಿಂತಳು.

“ರಟ್ಟಿನ ಹೆಸರು ಅಂತೀರಿ ಆಂಟಿ. ಹೋದ ವರ್ಷ ನಿಮ್ಮ ಮಗಳನ್ನೇ ನಿಲ್ಲಿಸ್ಕೊಂಡು ಕುಂಬಳ ಅಂತ ಕೂಗಿದ್ರಲ್ಲ.”

ಹೌದು ಅಂದೆ. ಮುಂದಿನ ಬೆಂಚಿನ ತುದಿಯಲ್ಲಿ ಕೂತುಬಿಟ್ಟೆ. ಇಡೀ ತರಗತಿಯಲ್ಲಿ ಒಬ್ಬರೂ ನಗಲಿಲ್ಲ. ನನ್ನ ಮಗಳಿಗೂ ಬೇರೆಯವರ ಮಕ್ಕಳಿಗೂ ನಾನು ಭೇದ ಮಾಡುವುದಿಲ್ಲ ಅಂತ ತೋರಿಸಲು ಹಾಗೆ ಕೂಗಿದೆ ಅಂತ ಆಮೇಲೆ ಅವರಿಗೆ ಹೇಳಿ ಬಂದೆ.

ಬೇಗ ಬಾ ಅಂತ ಈ ಸಲ ಬರೆಯುವುದಿಲ್ಲ. ನಿನಗೆ ಬೆಡ್‌ಶೀಟು ಮಡಚುವುದು ಇಷ್ಟವಾಗಿದ್ದರೆ ಅಲ್ಲೇ ಇರು, ರೇಡಿಯೊ ಹಾಕಿಕೊಳ್ಳುವ ಚಿಕ್ಕಮ್ಮನಿಗೆ ನನಗಿಂತ ಹೆಚ್ಚು ಗೊತ್ತಿದೆ. ನೀನು ಮತ್ತೆ ನನ್ನ ಕೈಯ ಊಟ ತಿನ್ನುತ್ತೀಯೋ ಇಲ್ಲವೋ ಅನ್ನುವುದೊಂದೇ ಈಗ ನನ್ನ ತಲೆಯಲ್ಲಿರುವುದು. ಬಂದರೆ, ನೀನು ಊಟ ಮಾಡುವಾಗ ನಾನೂ ಅಪ್ಪನೂ ಅಂಗಡಿಯಲ್ಲಿ ಕೂತಿರುತ್ತೇವೆ. ಎಷ್ಟು ತಿಂದೆ ಅಂತ ಕೇಳುವುದಿಲ್ಲ. ಡಬ್ಬಿ ನಾನೇ ತೊಳೆಯುತ್ತೇನೆ, ಅದರಲ್ಲಿ ಏನು ಉಳಿದಿದ್ದರೂ ಸರಿ.

ನಾಚಿಕೆ ಪಡುತ್ತಿರುವ
ನಿನ್ನ ಅಮ್ಮ

ವ್ಯಾನು ಬರಲು ಇನ್ನೂ ಹೊತ್ತಿದೆ, ಅದಕ್ಕೆ ಇದನ್ನೂ ಬರೆದುಬಿಡುತ್ತೇನೆ. ತರಗತಿಯಲ್ಲಿ ಹೇಳಲಿಲ್ಲ, ನಿನ್ನ ಅಪ್ಪನಿಗೂ ಹೇಳಿಲ್ಲ. ಒಬ್ಬರೂ ಬೇಜಾರು ಮಾಡಿಕೊಂಡಿಲ್ಲ ಅಂತ ಅತ್ತೆಗೆ ಹೇಳಿದ್ದು ಸುಳ್ಳು. ಹೋದ ವರ್ಷ ಅಳತೆಗೆ ಮುಂಚಿನ ವಾರ ಒಬ್ಬ ತಾಯಿ ಅಂಗಡಿಗೆ ಬಂದು, ನನ್ನ ಮಗಳನ್ನು ಇನ್ನೊಂದು ಸಲ ಕುಂಬಳ ಅಂದರೆ ನಿನ್ನ ಟೇಪು ಕತ್ತರಿಸಿ ಕೈಗೆ ಕೊಡುತ್ತೇನೆ ಅಂತ ಬೀದಿಗೆ ಕೇಳುವ ಹಾಗೆ ಜಗಳವಾಡಿ ಹೋಗಿದ್ದಳು. ಅದಕ್ಕೆ ಅಳತೆಯ ದಿನ ನಾನು ಮೊದಲಿಗೆ ಯಾರನ್ನೂ ಕುಂಬಳ ಅನ್ನಲಿಲ್ಲ. ಹಿಂದಿನ ಬೆಂಚಿನ ಹುಡುಗರು ಈ ವರ್ಷ ಕುಂಬಳ ಇಲ್ಲವಾ ಅಂತ ಕೇಳತೊಡಗಿದರು. ಸಾಲು ಕೆಟ್ಟಿತು, ಗದ್ದಲ ಹೆಚ್ಚಿತು, ಒಂದು ನಗು ಬೇಕಾಗಿತ್ತು. ಆಗ ನೀನು ಮುಂದೆ ಬಂದು ನಿಂತೆ. ನಿನ್ನ ಅಳತೆ ಸೌತೆಯ ರಟ್ಟಿಗೆ ಸರಿಯಾಗಿ ಕೂತಿತ್ತು, ನಿನ್ನ ಸ್ಕರ್ಟು ಕತ್ತರಿಸಿದ್ದೂ ಅದರಲ್ಲೇ. ಸುತ್ತಲೂ ತುಂಬಿಕೊಂಡಿದ್ದರೂ ನಾನು ಕೂಗಬಾರದಿತ್ತು, ಆದರೆ ನೀನು ಹಾಗಿರಲೇ ಇಲ್ಲ. ಬೇರೆ ಯಾರ ಮಗಳನ್ನು ಅಂದರೂ ಅವಳ ಅಮ್ಮ ಜಗಳಕ್ಕೆ ಬರುತ್ತಾಳೆ. ಈ ಹುಡುಗಿಯ ಪರವಾಗಿ ಯಾರೂ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು, ಯಾಕೆಂದರೆ ಅವಳ ಅಮ್ಮ ನಾನೇ.